ಎಲುಬಿನ ಹಗೇವು ಬರಿದಾಗುವ ಮುನ್ನ

ಒಬ್ಬರು ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಹಳ್ಳಿಗಳಲ್ಲಿ ಮನೆಮನೆ ತಿರುಗುವ ಆಶಾ ಕಾರ್ಯಕರ್ತೆ. ಇನ್ನೊಬ್ಬರು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ರೋಗಿಗಳನ್ನು ವರ್ಷಗಳಿಂದ ನೋಡುತ್ತ ಬಂದ ಎಲುಬಿನ ವೈದ್ಯೆ. ಈ ಸೀಮೆಯ ಹೆಂಗಸರ ಎಲುಬಿನ ಬಗ್ಗೆ ಇಬ್ಬರೂ ಆಡಿದ ಮಾತು ಇದು.

ಕಾರ್ಯಕರ್ತೆ: ಡಾಕ್ಟರೇ, ಎಪ್ಪತ್ತು ದಾಟಿದ ಅಜ್ಜಿ ಬಚ್ಚಲದಾಗ ಜಾರಿ ಬಿದ್ದು ಟೊಂಕ ಮುರಕೊಂಡ್ಲು ಅನ್ನೋದು ನಮ್ಮೂರಾಗ ಹೊಸ ಸುದ್ದಿ ಅಲ್ರೀ. ಆದ್ರ ಈಗ ಐವತ್ತು, ಐವತ್ತೈದರ ಹೆಂಗಸರದೂ ಮುಂಗೈ ಮುರಿಯಾಕತ್ತಾವ. ಅಂಗಳದಾಗ ಕಾಲು ಜಾರಿ ಕೈ ಊರಿದ್ರ ಸಾಕು. ಮನಿಯವರು "ವಯಸ್ಸಾತು, ಎಲುಬು ಸವದಾವ" ಅಂತ ಸುಮ್ಮನಾಗಿ ಬಿಡ್ತಾರ.

ವೈದ್ಯೆ: ಹಾಗೆ ಸುಮ್ಮನಾಗುವುದೇ ನನಗೆ ಬಹಳ ಸಂಕಟ ತರುತ್ತದೆ. ನಿಂತ ಎತ್ತರದಿಂದ ಬಿದ್ದು ಎಲುಬು ಮುರಿಯಿತು ಅಂದರೆ ಆ ಎಲುಬು ಬೀಳುವ ಮೊದಲೇ ಸೊರಗಿತ್ತು ಎಂದು ಅರ್ಥ. ಪ್ಲಾಸ್ಟರ್ ಹಾಕುತ್ತಾರೆ, ಆರು ವಾರಕ್ಕೆ ಬಿಚ್ಚುತ್ತಾರೆ, ಕೈ ಕೂಡಿತು ಅಂತ ಮನೆಗೆ ಕಳಿಸುತ್ತಾರೆ. ಅಷ್ಟು ಸಣ್ಣ ಪೆಟ್ಟಿಗೆ ಯಾಕೆ ಮುರಿಯಿತು ಅಂತ ಯಾರೂ ಕೇಳುವುದಿಲ್ಲ. ಒಮ್ಮೆ ಹೀಗೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಐವತ್ತೈದಕ್ಕೆ ಮುಂಗೈ, ಅರವತ್ತೈದಕ್ಕೆ ಬೆನ್ನುಮೂಳೆ, ಎಪ್ಪತ್ತಕ್ಕೆ ಟೊಂಕ. ಮೊದಲ ಮುರಿತದಲ್ಲಿ ಎಚ್ಚತ್ತರೆ ಉಳಿದೆರಡನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಕಾರ್ಯಕರ್ತೆ: ಮತ್ತ ಮಂಡಿ ನೋವು ಅಂತ ನಿಮ್ಮ ಕಡೆ ಬರ್ತಾರಲ್ಲ, ಅದೂ ಇದೇ ಬ್ಯಾನಿ ಏನ್ರೀ?

ವೈದ್ಯೆ: ಅಲ್ಲ. ಇಲ್ಲಿಯೇ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮಂಡಿ ನೋವು ಕೀಲಿನ ಕಾಯಿಲೆ, ಎರಡು ಎಲುಬು ಸೇರುವ ಕಡೆಯ ಮೆತ್ತನೆಯ ಪದರ ಸವೆಯುವುದು. ಆಸ್ಟಿಯೋಪೊರೋಸಿಸ್ ಎಲುಬಿನ ಒಳಗೇ ಆಗುವ ಸೊರಗು. ಅದಕ್ಕೆ ನೋವಿಲ್ಲ, ಬಾವಿಲ್ಲ, ಜ್ವರವಿಲ್ಲ. ಮುರಿಯುವ ತನಕ ಅದು ಇದೆ ಅಂತ ಮೈಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ "ನನಗೇನೂ ನೋವಿಲ್ಲ, ನನ್ನ ಎಲುಬು ಗಟ್ಟಿ" ಅನ್ನುವ ಮಾತನ್ನು ನಂಬುವಂತಿಲ್ಲ. ಹಿರೇಕೆರೂರಿನ ಕಡೆಯವರು ಕೆಲವರು ಸಾಗರ ಸೀಮೆಯ ಹಂದಿಗೋಡು ಕಾಯಿಲೆಯ ಸುದ್ದಿ ಕೇಳಿ ಇದೂ ಅದೇ ಏನೋ ಅಂತ ಹೆದರುತ್ತಾರೆ. 1970ರ ದಶಕದ ನಡುವೆ ಬೆಳಕಿಗೆ ಬಂದ ಆ ಕಾಯಿಲೆ ವಂಶದಲ್ಲಿ ಇಳಿದು ಬರುವಂಥದ್ದು, ಕೆಲವೇ ಮನೆತನಗಳನ್ನು ಕಾಡುವಂಥದ್ದು. ಇದು ಹಾಗಲ್ಲ. ಇದು ಯಾರ ಮನೆಗೂ ಬರಬಹುದು.

ಕಾರ್ಯಕರ್ತೆ: ಎಲುಬು ಅಂದ್ರ ಕಲ್ಲಿನಂಗ ಗಟ್ಟಿ ಅಂತ ತಿಳಕೊಂಡೇವಿ ನಾವು. ಅದು ಒಳಗ ಸೊರಗೋದು ಹೆಂಗ?

ವೈದ್ಯೆ: ನಿಮ್ಮ ಕಡೆ ಹಳೆಯ ಮನೆಗಳಲ್ಲಿ ಜೋಳದ ಹಗೇವು ನೋಡಿದ್ದೀಯಲ್ಲ? ಸುಗ್ಗಿಯಲ್ಲಿ ನೆಲದೊಳಗಿನ ಆ ಗುಂಡಿಗೆ ಜೋಳ ಸುರಿದು ಬಾಯಿ ಮುಚ್ಚುತ್ತಿದ್ದರು, ಬರದ ಕಾಲಕ್ಕೆ ತೆಗೆದು ಉಣ್ಣುತ್ತಿದ್ದರು. ಎಲುಬೂ ಹಾಗೆಯೇ ಒಂದು ಹಗೇವು. ನಮ್ಮ ದೇಹದ ಕ್ಯಾಲ್ಸಿಯಂನಲ್ಲಿ ಶೇ. 99ರಷ್ಟು ಎಲುಬು, ಹಲ್ಲುಗಳಲ್ಲೇ ಇದೆ. ಹೃದಯ ಬಡಿಯುವುದಕ್ಕೆ, ನರ ಮತ್ತು ಸ್ನಾಯು ಕೆಲಸ ಮಾಡುವುದಕ್ಕೆ ರಕ್ತದಲ್ಲಿ ಕ್ಯಾಲ್ಸಿಯಂ ಸದಾ ಒಂದೇ ಮಟ್ಟದಲ್ಲಿರಬೇಕು. ಊಟದಿಂದ ಬರದಿದ್ದರೆ ದೇಹ ಹಗೇವಿಗೇ ಕೈ ಹಾಕುತ್ತದೆ. ಹುಟ್ಟಿದಂದಿನಿಂದ 25–30 ವಯಸ್ಸಿನ ತನಕ ತುಂಬುವ ಕಾಲ. ಆಮೇಲೆ ಕೆಲವು ವರ್ಷ ತುಂಬಿದಷ್ಟೇ ತೆಗೆತ. ಮುಟ್ಟು ನಿಂತ ಮೇಲೆ ತೆಗೆತವೇ ಹೆಚ್ಚು. ಕಡಿಮೆ ತುಂಬಿಸಿ ಮದುವೆಯಾದ ಹುಡುಗಿಗೆ ಬೇಗ ತಳ ಕಾಣುತ್ತದೆ.

ಕಾರ್ಯಕರ್ತೆ: ಮುಟ್ಟು ನಿಂತ್ರ ಯಾಕ ಅಷ್ಟು ಜೋರು ಖಾಲಿ ಆಗ್ತೈತಿ?

ವೈದ್ಯೆ: ಎಲುಬಿನಲ್ಲಿ ಎರಡು ಬಗೆಯ ಜೀವಕೋಶಗಳು ದಿನವೂ ದುಡಿಯುತ್ತವೆ. ಒಂದು ಹಳೆಯದನ್ನು ಕರಗಿಸುತ್ತದೆ, ಇನ್ನೊಂದು ಹೊಸದನ್ನು ಕಟ್ಟುತ್ತದೆ. ಹೀಗೆ ಹತ್ತು ವರ್ಷದೊಳಗೆ ದೊಡ್ಡವರ ಎಲುಬೆಲ್ಲ ಬಹುಪಾಲು ಹೊಸದಾಗುತ್ತದೆ. ಕರಗಿಸುವ ಕೋಶಗಳು ಮಿತಿ ಮೀರದಂತೆ ತಡೆಯುವುದು ಅಂಡಾಶಯದಿಂದ ಬರುವ ಈಸ್ಟ್ರೋಜನ್. ಮುಟ್ಟು ನಿಂತಾಗ ಆ ತಡೆ ಹೋಗುತ್ತದೆ. ನಂತರದ ಐದಾರು ವರ್ಷಗಳಲ್ಲಿ ಕೆಲವು ಹೆಂಗಸರು ಎಲುಬಿನ ಸಾಂದ್ರತೆಯಲ್ಲಿ ಶೇ. 20ರ ತನಕ ಕಳೆದುಕೊಳ್ಳುತ್ತಾರೆ. ಬೆನ್ನುಮೂಳೆ, ಮುಂಗೈ, ಟೊಂಕದ ಕಡೆ ಎಲುಬಿನ ಒಳಗೆ ಜಾಳಿಗೆಯಿರುವುದರಿಂದ ಮೊದಲ ಪೆಟ್ಟು ಅಲ್ಲೇ ಬೀಳುತ್ತದೆ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದು ಸರಾಸರಿ 46–47ಕ್ಕೆ. ಪಶ್ಚಿಮದ ದೇಶಗಳಲ್ಲಿ 51ರ ಸುಮಾರು. ನಮ್ಮಲ್ಲಿ ಮುರಿತಗಳು ಬೇಗ ಬರುವುದಕ್ಕೆ ಇದೂ ಒಂದು ಕಾರಣ.

ಕಾರ್ಯಕರ್ತೆ: ಸರಾಸರಿ ಬಿಡ್ರೀ. ನಮ್ಮ ಕಡೆ ತಾಂಡಾದಾಗ ಮೂವತ್ತಕ್ಕ, ಮೂವತ್ತೈದಕ್ಕ ಗರ್ಭಚೀಲ ತೆಗಿಸಿಕೊಂಡವರು ಅದಾರ. "ಬಿಳಿ ಹೋಗ್ತೈತಿ, ಕ್ಯಾನ್ಸರ್ ಆಗ್ತೈತಿ, ತೆಗಿಸಿಬಿಡು" ಅಂದ್ರಂತ. ಇವತ್ತಿಗೂ "ಮೈಯಾಗ ಶಕ್ತಿ ಇಲ್ಲ, ಬೆನ್ನು ಹರಿದಂಗ ಆಗ್ತೈತಿ" ಅಂತಾರ.

ವೈದ್ಯೆ: ನಮ್ಮ ಜಿಲ್ಲೆಯ ಎಲುಬಿನ ಮಾತು ಬಂದರೆ ಇದನ್ನು ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ರಾಣೇಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 2010ರಿಂದ 2017ರ ನಡುವೆ ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆದ ಸಂಗತಿ ಹೊರಬಂತು. ಅವರಲ್ಲಿ ಬಹಳ ಮಂದಿ ಲಂಬಾಣಿ ತಾಂಡಾಗಳವರು. ಪರಿಹಾರ ಕೇಳಿ ಅವರು ಶಿಗ್ಗಾಂವಿಯತ್ತ, ಆಗಿನ ಮುಖ್ಯಮಂತ್ರಿಗಳ ಮನೆಯ ಕಡೆಗೆ ಪಾದಯಾತ್ರೆ ಹೊರಟರು. ಈ ಕಷ್ಟ ನಮ್ಮ ಜಿಲ್ಲೆಯದಷ್ಟೇ ಅಲ್ಲ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇ. 3ಕ್ಕೂ ಹೆಚ್ಚು ಮಂದಿಯ ಗರ್ಭಕೋಶ ತೆಗೆದಿತ್ತು. ಅವರಲ್ಲಿ ಅರ್ಧದಷ್ಟು ಮಂದಿಗೆ ಆ ಶಸ್ತ್ರಚಿಕಿತ್ಸೆ ಆದದ್ದು 34ರ ಒಳಗೇ. ಬೇರೆ ರಾಜ್ಯಗಳ ಇಂಥದೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಎಂದು ಹೇಳಿತು.

ಕಾರ್ಯಕರ್ತೆ: ಗರ್ಭಚೀಲ ತೆಗೆದ್ರ ಎಲುಬಿಗೆ ಏನಾಗ್ತೈತಿ ಅನ್ನೋದನ್ನ ಅವರಿಗೆ ಯಾರೂ ಹೇಳಿಲ್ರೀ.

ವೈದ್ಯೆ: ಈಗ ನೀನು ಹೇಳು. ಗರ್ಭಕೋಶದ ಜೊತೆಗೆ ಎರಡೂ ಅಂಡಾಶಯ ತೆಗೆದಿದ್ದರೆ ಆ ಹೆಂಗಸಿಗೆ ಅಂದಿನಿಂದಲೇ ಮುಟ್ಟು ನಿಂತ ಸ್ಥಿತಿ. ಮೂವತ್ತೈದಕ್ಕೆ ತೆಗೆದರೆ ಎಲುಬಿನ ಕಾವಲು ಹತ್ತು ಹನ್ನೆರಡು ವರ್ಷ ಮೊದಲೇ ಹೋಯಿತು. ಅಂಡಾಶಯ ಉಳಿಸಿದ್ದರೂ ಕೆಲವರಿಗೆ ಅದು ಬೇಗ ಸೊರಗುತ್ತದೆ. ಹೀಗಾಗಿ ಅವರ ಶಸ್ತ್ರಚಿಕಿತ್ಸೆಯ ಚೀಟಿ ಇದ್ದರೆ ತರಿಸು. ಅಂಡಾಶಯ ತೆಗೆದಿದ್ದಾರೋ ಬಿಟ್ಟಿದ್ದಾರೋ ಅನ್ನುವುದು ಅದರಲ್ಲಿ ಬರೆದಿರುತ್ತದೆ. 45ಕ್ಕಿಂತ ಮೊದಲು ಅಂಡಾಶಯ ಹೋದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನ ತನಕ ಹಾರ್ಮೋನು ಕೊಡುವ ಪದ್ಧತಿ ಇದೆ. ಸ್ತ್ರೀರೋಗ ತಜ್ಞರ ಹತ್ತಿರ ಆ ಪ್ರಶ್ನೆ ಕೇಳುವ ಹಕ್ಕು ಅವರಿಗೆ ಇದೆ. ಇನ್ನು ಮುಂದೆ ತೆಗೆಸಬೇಕು ಅನ್ನುವವರಿಗೆ ಎರಡನೇ ಡಾಕ್ಟರ ಅಭಿಪ್ರಾಯ ಕೇಳದೆ ಒಪ್ಪಬೇಡಿ ಅನ್ನು. ಬಿಳಿ ಹೋಗುವುದಕ್ಕೆ ಬಹುತೇಕ ಗುಳಿಗೆಯೇ ಸಾಕು.

ಕಾರ್ಯಕರ್ತೆ: ಊಟದ ವಿಷಯಕ್ಕ ಬರೋಣ್ರೀ. ನಮ್ಮ ಶಿಗ್ಗಾಂವಿ, ಸವಣೂರ ಕಡೆ ಎರಡು ಹೊತ್ತೂ ಜ್ವಾಳದ ರೊಟ್ಟಿ. ಹಾನಗಲ್ಲದಾಗ ಭತ್ತ ಬೆಳೀತೈತಿ, ಅಲ್ಲಿ ಅನ್ನ. ರೊಟ್ಟಿ ಉಂಡವರಿಗೆ ಶಕ್ತಿ ಅಂತೀವಲ್ಲ?

ವೈದ್ಯೆ: ಶಕ್ತಿ ಇದೆ, ನಾರು ಇದೆ, ಕಬ್ಬಿಣ ಇದೆ. ಆದರೆ ಕ್ಯಾಲ್ಸಿಯಂ ಕಡಿಮೆ. 100 ಗ್ರಾಂ ಜೋಳದಲ್ಲಿ 30 ಮಿಲಿಗ್ರಾಂ ಕೂಡ ಇಲ್ಲ. ದಿನಕ್ಕೆ 400 ಗ್ರಾಂ ಹಿಟ್ಟಿನ ರೊಟ್ಟಿ ಉಂಡರೂ 110 ಮಿಲಿಗ್ರಾಂ ಸುಮಾರು ಬಂದೀತು. ಅಕ್ಕಿಯಲ್ಲಿ ಅದಕ್ಕಿಂತಲೂ ಕಡಿಮೆ, 100 ಗ್ರಾಂಗೆ 10 ಮಿಲಿಗ್ರಾಂ ಒಳಗೆ. ನಮಗೆ ಬೇಕಾದದ್ದು ಎಷ್ಟು ಗೊತ್ತೇ? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಂತೆ ದೊಡ್ಡವರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1,200. ಮೊದಲು 600 ಸಾಕು ಅನ್ನುತ್ತಿದ್ದರು, ಅದನ್ನು ಏರಿಸಿದ್ದಾರೆ.

ಕಾರ್ಯಕರ್ತೆ: ಅಷ್ಟು ಎಲ್ಲಿಂದ ತರೋದ್ರೀ? ಬಡವರ ಮನಿಯಾಗ?

ವೈದ್ಯೆ: ನಮ್ಮ ಅಡಿಗೆಮನೆಯಿಂದಲೇ. ಒಂದು ದೊಡ್ಡ ಲೋಟ ಹಾಲಿಗೆ 240 ಮಿಲಿಗ್ರಾಂ ಆಸುಪಾಸು. ಒಂದು ಬಟ್ಟಲು ಗಟ್ಟಿ ಮೊಸರಿಗೆ 180 ಹಿಡಿ. ರಾಗಿ ನಮ್ಮ ಕಡೆ ಕಡಿಮೆ, ಆದರೆ ಧಾನ್ಯಗಳಲ್ಲೆಲ್ಲ ಅದೇ ಮುಂದು, 100 ಗ್ರಾಂಗೆ 350 ಮಿಲಿಗ್ರಾಂ ಮೇಲೆ. 50 ಗ್ರಾಂ ಹಿಟ್ಟಿನ ಅಂಬಲಿಗೆ 180 ಬಂತು. ಒಂದು ಹಿಡಿ ನುಗ್ಗೆಸೊಪ್ಪಿನ ಪಲ್ಯಕ್ಕೆ 150 ಹತ್ತಿರ. ಹುರುಳಿ ಕಟ್ಟು ಮಾಡಿದರೆ 80. ಇಷ್ಟಕ್ಕೇ 800 ದಾಟಿತು. ಸಂಕ್ರಾಂತಿ ರೊಟ್ಟಿಗೆ ಮೆತ್ತುವ ಎಳ್ಳನ್ನು, ಗುರೆಳ್ಳು ಚಟ್ನಿಯನ್ನು ಹಬ್ಬಕ್ಕಷ್ಟೇ ಇಡದೆ ದಿನದ ತಾಟಿಗೆ ತಂದರೆ ಉಳಿದದ್ದೂ ಸೇರುತ್ತದೆ. ರಾಗಿಯನ್ನು ಮೊಳಕೆ ಕಟ್ಟಿಸಿದರೆ, ಅಂಬಲಿಯನ್ನು ಹುಳಿ ಬರಿಸಿದರೆ ಅದರ ಕ್ಯಾಲ್ಸಿಯಂ ಮೈಗೆ ಹತ್ತುವುದು ಹೆಚ್ಚು. ಜೊತೆಗೆ ಬೇಳೆ, ತತ್ತಿ, ಮೀನು ಇರಲಿ. ಎಲುಬಿನ ಚೌಕಟ್ಟು ಪ್ರೋಟೀನಿನದೇ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಹಿಡಿತದಲ್ಲಿರಲಿ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ.

ಕಾರ್ಯಕರ್ತೆ: ಸವಣೂರ ಎಲಿ ಹೆಸರುವಾಸಿ ಅಲ್ರೀ. ನಮ್ಮ ಮುದುಕಿಯರು ಎಲಿಗೆ ಸುಣ್ಣ ಸವರಿ "ಇದರಾಗೇ ಎಲುಬಿಗೆ ಬೇಕಾದ್ದೆಲ್ಲ ಐತಿ" ಅಂತಾರ.

ವೈದ್ಯೆ: ಸುಣ್ಣದಲ್ಲಿ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಬೆರಳ ತುದಿಯ ಸುಣ್ಣ ನಂಬಿ ಹಾಲು ಬಿಡುವಂತಿಲ್ಲ. ಅದರ ಜೊತೆ ಅಡಿಕೆ ಬರುತ್ತದೆ, ಎಷ್ಟೋ ಸಲ ತಂಬಾಕೂ ಬರುತ್ತದೆ. ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕ ಎಂದು 2004ರಲ್ಲೇ ಗುರುತಿಸಿದೆ. ತಂಬಾಕು ಬಾಯಿಗೂ ಕೆಟ್ಟದ್ದು, ಎಲುಬಿಗೂ ಕೆಟ್ಟದ್ದು.

ಕಾರ್ಯಕರ್ತೆ: ಬಿಸಿಲು? ಹೊಲದಾಗ ದುಡಿಯೋರಿಗೆ ಬಿಸಿಲಿಗೇನು ಕೊರತಿ?

ವೈದ್ಯೆ: ಹೊಲದಲ್ಲಿ ದುಡಿಯುವವರಿಗೆ ಕೊರತೆ ಕಡಿಮೆ. ಆದರೆ ಮನೆಯೊಳಗೇ ಹೊಲಿಗೆ ಹಾಕುವವರು, ಅಂಗಡಿಯಲ್ಲಿ ಕೂರುವವರು, ಮೈತುಂಬ ಬಟ್ಟೆ ಹೊದ್ದು ಹೊರಗೆ ಬರುವವರು, ಹಾಸಿಗೆ ಹಿಡಿದ ಮುದುಕರು, ಇವರಲ್ಲಿ ಡಿ ವಿಟಮಿನ್ ಬಹಳ ಕಡಿಮೆ ಇರುತ್ತದೆ. ಡಿ ಇಲ್ಲದಿದ್ದರೆ ಉಂಡ ಕ್ಯಾಲ್ಸಿಯಂ ಅನ್ನು ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎಳೆಬಿಸಿಲು ಕಾಯಿಸಿದರೆ ಸಾಕು ಅನ್ನುವುದು ತಪ್ಪು ತಿಳಿವಳಿಕೆ. ಚರ್ಮದಲ್ಲಿ ಡಿ ತಯಾರಾಗಲು ಬೇಕಾದ ಕಿರಣ ಹೊತ್ತು ಮೇಲೇರಿದಾಗ, ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ನಡುವೆ ಹೆಚ್ಚು. ತೋಳು, ಕಾಲು ಬಿಟ್ಟು ಆಗ ಕಾಲು ಗಂಟೆ ಅಂಗಳದಲ್ಲಿ ಕೂತರೆ ಉಪಯೋಗ. ಪರೀಕ್ಷೆಯಲ್ಲಿ ಕಡಿಮೆ ಬಂದರೆ 60,000 ಯೂನಿಟಿನ ಪುಡಿ ವಾರಕ್ಕೊಮ್ಮೆ ಕೊಡುತ್ತೇವೆ. ಆದರೆ ಅದಕ್ಕೆ ಗಡುವು ಇರುತ್ತದೆ. ಡಾಕ್ಟರು ಎಂಟು ವಾರ ಅಂದರೆ ಎಂಟೇ ವಾರ. ಔಷಧದಂಗಡಿಯಿಂದ ತಾವಾಗಿ ತಂದು ವರ್ಷಗಟ್ಟಲೆ ತಿಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡ ಕೆಡುತ್ತದೆ.

ಕಾರ್ಯಕರ್ತೆ: ಇನ್ನೊಂದು. ಮಂಡಿ ನೋವಿಗೆ ಹೆಸರಿಲ್ಲದ ಪುಡಿ ಕೊಡ್ತಾರ್ರೀ. ತಿಂದ ಮರುದಿನವೇ ಮುದುಕಿ ಎದ್ದು ಓಡಾಡ್ತಾಳ. ಎರಡು ವರ್ಷಕ್ಕ ಮುಖ ಊದಿ, ಮೈ ಚರ್ಮ ತೆಳ್ಳಗಾಗಿ ಬಿಡ್ತೈತಿ.

ವೈದ್ಯೆ: ಅಂಥ ಪುಡಿಯಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಬೆರೆತಿರುತ್ತದೆ. ಅದಕ್ಕೇ ಒಂದೇ ದಿನಕ್ಕೆ ಆರಾಮ. ಮೂರು ತಿಂಗಳಿಗಿಂತ ಹೆಚ್ಚು ಕಾಲ ಸ್ಟೆರಾಯ್ಡ್ ತಿಂದವರ ಎಲುಬು ಬಹಳ ಬೇಗ ಸೊರಗುತ್ತದೆ, ಅದು ಗಂಡಸರಿಗೂ ಅನ್ವಯ. ಉಬ್ಬಸಕ್ಕೋ ಸಂಧಿವಾತಕ್ಕೋ ಡಾಕ್ಟರೇ ಬರೆದ ಸ್ಟೆರಾಯ್ಡ್ ಇದ್ದರೆ ತಟ್ಟನೆ ನಿಲ್ಲಿಸಬಾರದು, ಎಲುಬಿಗೆ ರಕ್ಷಣೆ ಕೇಳಬೇಕು. ಹೆಸರಿಲ್ಲದ ಪುಡಿ ತಿನ್ನುವವರು ಕಂಡರೆ ಅವರನ್ನೂ ತಟ್ಟನೆ ಬಿಡಿಸಬೇಡ, ಪುಡಿಯ ಸಮೇತ ನಮ್ಮ ಹತ್ತಿರ ಕರೆದುಕೊಂಡು ಬಾ. ಹಂತಹಂತವಾಗಿ ಇಳಿಸಬೇಕಾಗುತ್ತದೆ. ಥೈರಾಯ್ಡ್ ಏರುಪೇರು, ಸಕ್ಕರೆ ಕಾಯಿಲೆ, ಕುಡಿತ, ತೀರ ಕಡಿಮೆ ತೂಕ, ತಾಯಿಗೆ ಟೊಂಕ ಮುರಿದ ಇತಿಹಾಸ, ಇವೂ ಅಪಾಯ ಹೆಚ್ಚಿಸುತ್ತವೆ.

ಕಾರ್ಯಕರ್ತೆ: ಮುರಿಯೋಕಿಂತ ಮೊದಲ ಕಂಡು ಹಿಡಿಯೋದು ಹೆಂಗ? ಊರಿಗೆ ಶಿಬಿರ ಬರ್ತಾವ, ಹಿಮ್ಮಡಿ ಮಷೀನಿನಾಗ ಇಟ್ಟು "ನಿನ್ನ ಎಲುಬು ಪೊಳ್ಳು" ಅಂತ ಚೀಟಿ ಕೊಡ್ತಾರ.

ವೈದ್ಯೆ: ಹಿಮ್ಮಡಿಯ ಆ ಪರೀಕ್ಷೆ ಒಂದು ಸುಳಿವು ಮಾತ್ರ. ಅದನ್ನೇ ನಂಬಿ ವರ್ಷಗಟ್ಟಲೆ ಔಷಧ ಶುರುಮಾಡಬಾರದು. ಸರಿಯಾದ ಪರೀಕ್ಷೆ ಡೆಕ್ಸಾ ಸ್ಕ್ಯಾನ್, ಟೊಂಕ ಮತ್ತು ಬೆನ್ನಿನದು. ಹತ್ತು ಹದಿನೈದು ನಿಮಿಷ ಮಲಗಿದರೆ ಮುಗಿಯಿತು, ಚುಚ್ಚುವುದಿಲ್ಲ. ಅದರಲ್ಲಿ ಟಿ-ಸ್ಕೋರ್ ಅಂತ ಒಂದು ಅಂಕಿ ಬರುತ್ತದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆಯ ಪ್ರಕಾರ ಮೈನಸ್ 1ರ ತನಕ ಸರಿ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಎಚ್ಚರಿಕೆ, ಮೈನಸ್ 2.5 ಮತ್ತು ಅದಕ್ಕಿಂತ ಕೆಳಗೆ ಆಸ್ಟಿಯೋಪೊರೋಸಿಸ್. ತಾಲೂಕು ಆಸ್ಪತ್ರೆಗಳಲ್ಲಿ ಈ ಯಂತ್ರ ಸಿಗುವುದಿಲ್ಲ. ಶಿಗ್ಗಾಂವಿ, ಸವಣೂರಿನವರು ಹುಬ್ಬಳ್ಳಿಗೆ, ಹಿರೇಕೆರೂರಿನವರು ದಾವಣಗೆರೆ ಅಥವಾ ಶಿವಮೊಗ್ಗಕ್ಕೆ ಹೋಗಬೇಕಾದೀತು. ಆದರೆ ಟೇಪು ನಿನ್ನ ಚೀಲದಲ್ಲೇ ಇದೆ. ಹೆಂಗಸಿನ ಎತ್ತರ ಹರೆಯದಲ್ಲಿ ಇದ್ದದ್ದಕ್ಕಿಂತ 4 ಸೆಂಟಿಮೀಟರ್ ಇಳಿದಿದ್ದರೆ ಬೆನ್ನುಮೂಳೆಯ ಬಿಲ್ಲೆಗಳು ಸದ್ದಿಲ್ಲದೆ ಕುಸಿದಿರಬಹುದು. ಇಂಥ ಕುಸಿತಗಳಲ್ಲಿ ಸುಮಾರು ಮೂರರಲ್ಲಿ ಎರಡು ಯಾರ ಗಮನಕ್ಕೂ ಬರುವುದಿಲ್ಲ. ಗೋಡೆಗೆ ಹಿಮ್ಮಡಿ ಒತ್ತಿ ನೆಟ್ಟಗೆ ನಿಂತಾಗ ತಲೆಯ ಹಿಂಭಾಗ ಗೋಡೆಗೆ ತಾಕದಿದ್ದರೆ ಎಕ್ಸ್‌ರೇ ತೆಗೆಸಬೇಕು. ಮುರಿತ ಅಲ್ಲೇ ಕಂಡರೆ ಸ್ಕ್ಯಾನಿಗೆ ಕಾಯದೆ ಚಿಕಿತ್ಸೆ ಆರಂಭಿಸಬಹುದು.

ಕಾರ್ಯಕರ್ತೆ: ಔಷಧ ತುಟ್ಟಿ ಇರ್ತಾವೇನ್ರೀ?

ವೈದ್ಯೆ: ಎಲ್ಲವೂ ಅಲ್ಲ. ವಾರಕ್ಕೊಂದು ಅಲೆಂಡ್ರೊನೇಟ್ ಗುಳಿಗೆ ಬಡವರ ಕೈಗೂ ಎಟುಕುತ್ತದೆ. ಆದರೆ ತೆಗೆದುಕೊಳ್ಳುವ ಕ್ರಮ ಕಟ್ಟುನಿಟ್ಟು: ಬೆಳಿಗ್ಗೆ ಬರಿ ಹೊಟ್ಟೆ, ಒಂದು ತುಂಬಿದ ಲೋಟ ನೀರು, ಅರ್ಧ ಗಂಟೆ ಮಲಗುವಂತಿಲ್ಲ, ಚಹಾ ಕುಡಿಯುವಂತಿಲ್ಲ. ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ, ಗುಳಿಗೆಯೂ ಹತ್ತುವುದಿಲ್ಲ. ಅದು ಒಗ್ಗದವರಿಗೆ ವರ್ಷಕ್ಕೊಮ್ಮೆ ನರಕ್ಕೆ ಹಾಕುವ ಜೊಲೆಡ್ರೊನಿಕ್ ಆ್ಯಸಿಡ್ ಇದೆ. ಆರು ತಿಂಗಳಿಗೊಮ್ಮೆ ಹಾಕುವ ಡೆನೊಸುಮ್ಯಾಬ್ ಚುಚ್ಚುಮದ್ದು ಶುರುವಾದ ಮೇಲೆ ನಡುವೆ ಬಿಟ್ಟರೆ ಬೆನ್ನುಮೂಳೆ ಒಮ್ಮೆಲೇ ಕುಸಿಯುವ ಅಪಾಯ ಇದೆ. ಹಾಗಾಗಿ "ಆರಾಮಾತು" ಅಂತ ಬಿಡಬಾರದು. ಇವುಗಳನ್ನು ಆರಂಭಿಸುವ ಮುಂಚೆ ಹಲ್ಲು ತೋರಿಸಬೇಕು, ಡಿ ವಿಟಮಿನ್ ಸರಿಪಡಿಸಬೇಕು. ಕ್ಯಾಲ್ಸಿಯಂ ಗುಳಿಗೆ ಬೇಕಾದರೆ ಒಂದು ಹೊತ್ತಿಗೆ 500 ಮಿಲಿಗ್ರಾಂ ಮೀರದಂತೆ, ಊಟದ ಜೊತೆ. ಕಬ್ಬಿಣದ ಗುಳಿಗೆ ಬೇರೆ ಹೊತ್ತಿಗೆ.

ಕಾರ್ಯಕರ್ತೆ: ಕೆಲಸ ಬಿಡಿಸಬೇಕೇನ್ರೀ? ಹಾನಗಲ್ಲದಾಗ ನಾಟಿ ಹಚ್ಚೋರು ಇಡೀ ದಿನ ಬಗ್ಗೇ ಇರ್ತಾರ.

ವೈದ್ಯೆ: ಹರೆಯದವರು ದುಡಿಯಲಿ. ಭಾರ ಹೊರುವ, ನಡೆಯುವ ಕೆಲಸದಿಂದ ಎಲುಬು ಗಟ್ಟಿಯಾಗುತ್ತದೆ. ಬೆನ್ನುಮೂಳೆ ಒಮ್ಮೆ ಕುಸಿದವರು ಮಾತ್ರ ಬಗ್ಗಿ ಭಾರ ಎತ್ತಬಾರದು. ಮೊಣಕಾಲು ಮಡಿಸಿ, ಕೊಡವನ್ನು ಮೈಗೆ ಅಂಟಿಸಿಕೊಂಡು ಏಳಬೇಕು. ತುಂಬಿದ ಕೊಡದ ಬದಲು ಎರಡು ಸಲ ಅರ್ಧ ಕೊಡ. ಹಿರಿಯರಿಗೆ ದಿನವೂ ಅರ್ಧ ಗಂಟೆ ನಡಿಗೆ, ಕೈ ಊರದೆ ಕುರ್ಚಿಯಿಂದ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಇವುಗಳಿಂದ ಬೀಳುವುದೇ ಕಡಿಮೆಯಾಗುತ್ತದೆ. ಟೊಂಕ ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಬಹಳ ಮಂದಿ ಮತ್ತೆ ಮೊದಲಿನಂತೆ ತಾವಾಗಿ ಓಡಾಡುವುದಿಲ್ಲ. ಅದಕ್ಕೇ ಬಚ್ಚಲ ಕಲ್ಲಿನ ಪಾಚಿ ತಿಕ್ಕುವುದು, ಅಲ್ಲಿ ಗೋಡೆಗೆ ಒಂದು ಪೈಪು ಬಿಗಿಯುವುದು, ರಾತ್ರಿ ಹೊಸ್ತಿಲ ಹತ್ತಿರ ಒಂದು ಸಣ್ಣ ದೀಪ, ಕಣ್ಣಿನ ಪೊರೆ ತೆಗೆಸುವುದು, ಇವೆಲ್ಲ ಎಲುಬಿನ ಚಿಕಿತ್ಸೆಯೇ.

ಕಾರ್ಯಕರ್ತೆ: ಹಂಗಂದ್ರ ಮನಿಮನಿಗೆ ಹೋದಾಗ ನಾ ನಾಕು ಮಾತು ಕೇಳ್ತೇನ್ರೀ. ಐವತ್ತಾದ ಮ್ಯಾಲ ಸಣ್ಣ ಬಿದ್ದು ಎಲುಬು ಮುರದೈತೇನು? ಮೊದಲಿಗಿಂತ ಎತ್ತರ ಕಡಿಮಿ ಆಗೈತೇನು? ನಲವತ್ತೈದರ ಒಳಗ ಮುಟ್ಟು ನಿಂತೈತೇನು, ಗರ್ಭಚೀಲ ತೆಗಿಸೀಯೇನು? ಪುಡಿ, ಸ್ಟೆರಾಯ್ಡ್ ತಿಂದೀಯೇನು?

ವೈದ್ಯೆ: ಒಂದಕ್ಕೆ ಹೌದು ಅಂದರೂ ಅವರನ್ನು ಹಾವೇರಿಗೋ ಹತ್ತಿರದ ಎಲುಬಿನ ಡಾಕ್ಟರ ಹತ್ತಿರವೋ ಕಳಿಸು. ಗಂಡಸರನ್ನೂ ಬಿಡಬೇಡ, ಟೊಂಕ ಮುರಿದರೆ ಅವರ ಸ್ಥಿತಿ ಇನ್ನೂ ಕಷ್ಟ.

ಕಾರ್ಯಕರ್ತೆ: ಇದೆಲ್ಲ ತಳ ಕಂಡ ಮ್ಯಾಲಿನ ಮಾತಾತು. ತುಂಬೋ ವಯಸ್ಸಿನ ಹುಡುಗಿಯರಿಗೆ?

ವೈದ್ಯೆ: ಸರ್ಕಾರಿ ಶಾಲೆಯಲ್ಲಿ 2013ರ ಆಗಸ್ಟಿನಿಂದ ಕ್ಷೀರಭಾಗ್ಯದ ಹಾಲು ಬರುತ್ತಿದೆ, 2024ರಲ್ಲಿ ಅದಕ್ಕೆ ರಾಗಿ ಮಾಲ್ಟ್ ಸೇರಿತು. ಅದು ಹತ್ತನೇ ತರಗತಿಗೆ ಮುಗಿಯುತ್ತದೆ. ಹಗೇವು ತುಂಬಲು ಅಲ್ಲಿಂದ ಮುಂದೆ ಇನ್ನೂ ಹತ್ತು ಹದಿನೈದು ವರ್ಷ ಇರುತ್ತದೆ. ಆ ಹೊತ್ತಿಗೆ ಹುಡುಗಿ ಮದುವೆಯಾಗಿ, ಬಸುರಿಯಾಗಿ, ಮಗುವಿಗೆ ಹಾಲೂಡಿಸುತ್ತ, ತನ್ನ ಎಲುಬಿನಿಂದ ಮಗುವಿಗೆ ಕೊಡುತ್ತಿರುತ್ತಾಳೆ. ಎಮ್ಮೆ ಕಟ್ಟಿದ ಮನೆಗಳಲ್ಲೂ ನೋಡು, ಕರೆದ ಹಾಲು ಡೇರಿಗೆ ಹೋಗುತ್ತದೆ, ಉಳಿದದ್ದು ಚಹಾಕ್ಕೆ. ಆ ಎಮ್ಮೆಗೆ ಮೇವು ತಂದವಳು, ಸಗಣಿ ಬಾಚಿದವಳು ಅವಳೇ. ಮನೆಗೆ ಹೋದಾಗ ಗಂಡನಿಗೂ ಅತ್ತೆಗೂ ಕೇಳುವಂತೆ ಹೇಳು: ಮಗನಿಗೆ ಲೋಟ ತುಂಬುವಾಗ ಮಗಳಿಗೂ ತುಂಬಲಿ, ಸೊಸೆಯ ಪಾಲಿನ ಲೋಟವನ್ನೂ ಮೊದಲೇ ತೆಗೆದಿಡಲಿ. ಡೇರಿಗೆ ಅಳೆಯುವುದು ಅದಾದ ಮೇಲೆ.